ಅತ್ತೆಯ ಉಪವಾಸ

ಜೂನ್ ೧೪, ಶುಕ್ರವಾರ

ಪ್ರೀತಿಯ ನಿಮಗೆ,

ಎಲ್ಲರೂ ಕ್ಷೇಮ ಎಂದು ಬರೆಯುವ ಧೈರ್ಯ ಬರಲಿ ಎಂದು ಕಾದೆ. ಕಾಗದ ತಡವಾದದ್ದು ಅದಕ್ಕೇ, ಬೈಯಬೇಡಿ. ಹಡಗಿನ ಎಂಜಿನ್ ಕೋಣೆಯ ಸೆಖೆಯಲ್ಲಿ ಹೇಗಿದ್ದೀರೋ. ಅತ್ತೆಯನ್ನು ಈಗಷ್ಟೇ ಹೃದಯದ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮಮ್ಮ ಸಾವಿಗೆ ಹೆದರುವ ಹೆಂಗಸಲ್ಲ. ಹೆದರಿದ್ದು ಆಮೇಲಿನದಕ್ಕೆ. ಹೋದ ವರ್ಷದಿಂದ ಉಪವಾಸದ ಮೇಲೆ ಉಪವಾಸ. ಪ್ರಾರ್ಥನೆಯಲ್ಲಿ ಒಂದು ಮಾತು ತಪ್ಪಿದರೆ ಮತ್ತೆ ಮೊದಲಿಂದ. ಡಾಕ್ಟರು ಗದರಿದರೆ, "ಅವರಿಗೆ ಹೃದಯ ಗೊತ್ತು, ಆತ್ಮ ಎಲ್ಲಿ ಗೊತ್ತು?" ಎಂದು ಗೊಣಗುತ್ತಿದ್ದರು.

ನಿನ್ನೆ ಪಾದ್ರಿಗಳು ವಾರ್ಡಿಗೆ ಬಂದರು. ಅತ್ತೆ ಅವರ ತೋಳು ಹಿಡಿದು, "ಅಯ್ಯನವರೇ, ನಾನು ಇಷ್ಟು ಮಾಡಿದ್ದು ಸಾಕಾಗುತ್ತಾ?" ಎಂದು ಕೇಳಿದರು.

"ಸಾಕಾಗಲ್ಲ ಅಮ್ಮ."

ನಾನು ಸರಕ್ಕನೆ ಪಾದ್ರಿಗಳತ್ತ ತಿರುಗಿದೆ. ಅವರು ಮುಂದುವರಿಸಿದರು:

"ನಾನು ಮಾಡಿದ್ದೂ ಸಾಕಾಗಲ್ಲ. ಯಾರದ್ದೂ ಸಾಕಾಗಲ್ಲ ಅಂತ ತಾನೇ ಯೇಸು ಶಿಲುಬೆಗೆ ಹೋಗಿದ್ದು? ಆತನನ್ನ ನಂಬಿದೋರನ್ನ ದೇವರು ನೀತಿವಂತರು ಅಂತ ಎಣಿಸಿ ಆಯ್ತು. ತೀರ್ಪು ಆಗ್ಬಿಟ್ಟಿದೆ."

"ನನ್ನ ನಂಬಿಕೇನೇ ಸಾಲದಿದ್ರೆ?"

ಪಾದ್ರಿಗಳು ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತರು. "ನಾಳೆ ಎದೆ ಕೊಯ್ಯೋ ಡಾಕ್ಟರ ಮೇಲೆ ಪೂರ್ತಿ ನಂಬಿಕೆ ಇದೆಯಾ?"

"ಎಲ್ಲಿಂದ ಬರಬೇಕು! ಗಡಗಡ ನಡುಗ್ತಿದೀನಿ."

"ಆದ್ರೂ ಮಲಗ್ತೀರಲ್ಲ. ನಿಮ್ಮ ಕೈ ನಡುಗಲಿ ಬಿಡಿ, ಅವರ ಕೈ ನಡುಗದಿದ್ರೆ ಸಾಕು."

ಅತ್ತೆಗೆ ನಗು ಬಂತು. ನಗುತ್ತಲೇ ಅತ್ತುಬಿಟ್ಟರು.

ಬೆಳಗ್ಗೆ ಸ್ಟ್ರೆಚರ್ ಬಂದಾಗ, "ಹೆದರಿಕೆ ಹೋಯ್ತಾ ಅತ್ತೆ?" ಎಂದೆ. "ಎಲ್ಲಿಗೆ ಹೋಗುತ್ತೆ? ಪಕ್ಕದಲ್ಲೇ ಮಲಗಿದೆ. ಆದ್ರೆ ಒಳಗೆಲ್ಲೋ ತಣ್ಣಗಿದೆ ಕಣೆ" ಎಂದರು.

ನನಗೆ ಆ ತಂಪು ಸಿಕ್ಕಿಲ್ಲ. ಬಾಗಿಲು ತೆರೆದಾಗಲೆಲ್ಲ ದಡಬಡಿಸಿ ಎದ್ದು ನಿಲ್ಲುತ್ತೇನೆ. ಬೇರೆ ಯಾರದೋ ಕಡೆಯವರನ್ನು ಕರೆಯುತ್ತಾರೆ. ಬಾಯಿ ಒಣಗಿದೆ, ನೀರು ಕುಡಿಯಲು ಈ ಜಾಗ ಬಿಟ್ಟು ಹೋಗಲೂ ಭಯ.

ಸಂಜೆ ಮುಂದುವರಿಸುತ್ತಿದ್ದೇನೆ. ಆಪರೇಷನ್ ಮುಗಿಯಿತು. ಅತ್ತೆ ಕಣ್ಣು ಬಿಟ್ಟಿದ್ದಾರೆ. ಬಾಯಲ್ಲಿ ಕೊಳವೆ, ಮಾತಿಲ್ಲ. ನನ್ನ ಬೆರಳು ಒತ್ತಿದರು. ನಾಳೆಯವರೆಗೂ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಆ ನೀರಿನ ಮೇಲೆ ದೇವರು ನಿಮ್ಮನ್ನು ಕಾಪಾಡಲಿ. ನಿಮ್ಮಮ್ಮ ಮಾತಾಡುವಂತಿದ್ದರೆ ಹರಸುತ್ತಿದ್ದುದೂ ಹಾಗೆಯೇ.

ನಿಮ್ಮವಳು

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಅತ್ತೆಯ ಉಪವಾಸ ತಮಗಾಗಿ ಆಗಿರಲಿಲ್ಲ. ದೀಕ್ಷಾಸ್ನಾನಕ್ಕೂ ಮೊದಲೇ ತೀರಿಹೋದ ನಮ್ಮ ಮಗಳಿಗಾಗಿ. ದೀಕ್ಷೆಯಿಲ್ಲದ ಕೂಸನ್ನು ಸ್ವರ್ಗದೊಳಗೆ ಸೇರಿಸಿಕೊಂಡರೋ ಇಲ್ಲವೋ ಎಂಬ ಭಯ. ಸ್ಟ್ರೆಚರ್ ಮೇಲೆ ಮಲಗಿ ಮೆಲ್ಲಗೆ ಹೇಳಿದರು: "ಅದೂ ಬರಿಗೈ, ನಾನೂ ಬರಿಗೈ. ನನ್ನನ್ನ ತಗೊಳ್ಳೋನು ಅವಳನ್ನ ಬಿಡ್ತಾನಾ?" ನನಗೂ ಅದೇ ಭಯವಿತ್ತು, ಅದಕ್ಕೇ ನಿಮ್ಮ ಮುಂದೆ ಅವಳ ಮಾತೆತ್ತಲಿಲ್ಲ. ನೀವೂ ಕೇಳಲಿಲ್ಲ. ಅವಳ ಕಿವಿ ಥೇಟ್ ನಿಮ್ಮವೇ. ನೀವು ಅವಳನ್ನು ನೋಡಲೇ ಇಲ್ಲವಲ್ಲ.