ಎಂಬತ್ತು ಗ್ರಾಂ ಹೆಚ್ಚಾಗಿ ಸಿಕ್ಕಿಬಿದ್ದ ನನ್ನ ಮಗಳ ಪರವಾಗಿ

ಶಿಶು ಪೋಷಣಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಆರು ತಿಂಗಳ ಮಗಳು ನಿಗದಿಗಿಂತ ಎಂಬತ್ತು ಗ್ರಾಂ ಹೆಚ್ಚು ತೂಗಿದಳು ಎಂಬ ಕಾರಣಕ್ಕೆ ನಿಮ್ಮ ಕಚೇರಿ ಅವಳ ಊಟ ನಿಲ್ಲಿಸಿದೆ. ಕದ್ದು ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಯಲ್ಲಿ ದಿನಾ ಓದುತ್ತೇನೆ. ಬೆಳೆದು ಸಿಕ್ಕಿಬಿದ್ದವರನ್ನು ಕಂಡದ್ದು ಇದೇ ಮೊದಲು. ಮನೆಯಲ್ಲಿ ನಾವು ಅವಳನ್ನು ಗುಂಡಮ್ಮ ಎಂದು ಕರೆಯುತ್ತೇವೆ. ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಮಾತ್ರ ಹಾಗೆ ಕರೆಯುವುದನ್ನು ಬಿಟ್ಟಿದ್ದೇವೆ. ಅದನ್ನೂ ಸಾಕ್ಷ್ಯವೆಂದು ಕಡತಕ್ಕೆ ಸೇರಿಸಿಬಿಟ್ಟರೆ?

ಗುಂಡಮ್ಮನ ಕಾಯಿಲೆ ಅಪರೂಪದ್ದು, ಆದ್ದರಿಂದ ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೆ ಎರಡು ಮಾತು. ಹಾಲಿನ ಸಕ್ಕರೆ ಹೊಟ್ಟೆಯಲ್ಲಿ ಎರಡಾಗಿ ಒಡೆಯುತ್ತದೆ. ಅದರಲ್ಲೊಂದು ಗ್ಯಾಲಕ್ಟೋಸ್. ನಮ್ಮ ನಿಮ್ಮ ದೇಹ ಅದನ್ನು ಸದ್ದಿಲ್ಲದೆ ಅರಗಿಸಿಕೊಳ್ಳುತ್ತದೆ. ನನ್ನ ಮಗಳ ದೇಹದಲ್ಲಿ ಆ ಕೆಲಸ ಮಾಡುವ ಕಿಣ್ವ ಇಲ್ಲ. ನಾನೂ ನನ್ನ ಹೆಂಡತಿಯೂ ಗೊತ್ತಿಲ್ಲದೆ ಸಮಪಾಲಾಗಿ ಅವಳಿಗೆ ಬರೆದುಕೊಟ್ಟ ಆಸ್ತಿ ಇದು. ಅರಗದೆ ಉಳಿದದ್ದು ಯಕೃತ್ತು, ಕಣ್ಣು, ಮಿದುಳು ಎಲ್ಲಕ್ಕೂ ವಿಷ. ಹುಟ್ಟಿದ ಐದನೇ ದಿನಕ್ಕೆ ಮಗು ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು, ಅಳಲೂ ತ್ರಾಣವಿರಲಿಲ್ಲ. ರಕ್ತಪರೀಕ್ಷೆಯ ವರದಿ ಹಿಡಿದು ಬಂದ ವೈದ್ಯೆ, "ಹಾಲು ನಿಲ್ಲಿಸಿ, ಈಗಲೇ. ಎದೆಹಾಲೂ ಬೇಡ" ಎಂದರು.

ನನ್ನ ಅತ್ತೆಗೆ ರೇಗಿಹೋಯಿತು. "ಏನಮ್ಮಾ ಇದು, ತಾಯಿ ಹಾಲೂ ಬೇಡ ಅಂದ್ರೆ ಮಗು ಗಾಳಿ ಕುಡಿದು ಬದುಕುತ್ತಾ?"

"ಸೋಯಾ ಕುಡಿದು ಬದುಕುತ್ತೆ ಅಜ್ಜಿ. ನೀವೇ ನೋಡ್ತೀರಂತೆ."

ನೋಡಿದೆವು. ಹಾಲಿನ ಸೋಂಕಿಲ್ಲದ ಆ ಸೋಯಾ ಪುಡಿ ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಉಗ್ರಾಣದಲ್ಲಿ ಮಾತ್ರ ಸಿಗುತ್ತದೆ. ಅದನ್ನು ಕುಡಿದು ಮಗು ಹಳದಿ ಬಿಟ್ಟಿತು, ಕಣ್ಣು ಬಿಟ್ಟಿತು, ಎರಡು ತಿಂಗಳಲ್ಲಿ ನಮ್ಮ ನಿದ್ದೆಯನ್ನೂ ಬಿಡಿಸಿತು. ಇದರ ಪುಣ್ಯ ನಿಮ್ಮ ಕಚೇರಿಗೇ ಸೇರಬೇಕು. ಆದರೆ ನೀವು ಅದನ್ನು ತೆಗೆದುಕೊಳ್ಳಲು ತಯಾರಿಲ್ಲ! ನಿಮ್ಮ ನಿಯಮದ ಪ್ರಕಾರ ವಿಶೇಷ ಆಹಾರ ಸೊರಗಿದ ಮಕ್ಕಳಿಗೆ ಮಾತ್ರ. ಆರು ತಿಂಗಳ ಹೆಣ್ಣುಮಗು ಆರು ಕಿಲೋ ಇನ್ನೂರು ಗ್ರಾಂ ದಾಟಿದರೆ ಅದು ಸೊರಗಿಲ್ಲ ಎಂದರ್ಥ, ಸೊರಗದಿದ್ದರೆ ಪುಡಿ ಇಲ್ಲ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ನಾನು ತೂಕದ ಯಂತ್ರಗಳ ರಿಪೇರಿಯವನು. ದಿನಸಿ ಅಂಗಡಿ, ಗುಜರಿ ಅಂಗಡಿ, ಆಸ್ಪತ್ರೆ, ಎಲ್ಲರ ಯಂತ್ರವೂ ನನ್ನ ಮೇಜಿಗೆ ಬರುತ್ತದೆ. ಕಳೆದ ಸೋಮವಾರ ನಿಮ್ಮ ಕಚೇರಿಯಿಂದಲೇ ಕರೆ ಬಂತು. ಮಕ್ಕಳನ್ನು ತೂಗುವ ಆ ತೊಟ್ಟಿಲಿನಂಥ ತಟ್ಟೆಯ ಮೇಲೆ ನನ್ನ ಹಿತ್ತಾಳೆಯ ಐದು ಕಿಲೋ ತೂಕದ ಬಟ್ಟನ್ನಿಟ್ಟು ನೋಡಿದೆ. ನೂರೆಂಬತ್ತು ಗ್ರಾಂ ಕಡಿಮೆ ತೋರಿಸಿತು. ಬಿಚ್ಚಿದೆ, ಒರೆಸಿದೆ, ಸ್ಕ್ರೂ ತಿರುಗಿಸಿದೆ, ಸೊನ್ನೆಗೆ ಸೊನ್ನೆ, ಐದಕ್ಕೆ ಐದು. ಕೆಲಸ ಚೆನ್ನಾಗಿ ಆಯಿತೆಂದು ಶಿಳ್ಳೆ ಹಾಕುತ್ತಾ ಮನೆಗೆ ಹೋದೆ. ಮರುದಿನ ನನ್ನ ಮಗಳನ್ನು ಅದೇ ತಟ್ಟೆಯ ಮೇಲೆ ಮಲಗಿಸಿದಾಗ ಆರು ಕಿಲೋ ಇನ್ನೂರೆಂಬತ್ತು ಎಂದು ತೋರಿಸಿತು. ಹಳೆಯ ಸ್ಥಿತಿಯಲ್ಲೇ ಬಿಟ್ಟಿದ್ದರೆ ಆರು ಕಿಲೋ ನೂರು ತೋರಿಸುತ್ತಿತ್ತು, ಡಬ್ಬಿಗಳು ಸಿಗುತ್ತಿದ್ದವು. ತನ್ನ ಕೈಯಿಂದ, ತನ್ನದೇ ಸ್ಕ್ರೂಡ್ರೈವರಿನಿಂದ, ಮಗಳ ಅನ್ನಕ್ಕೆ ಕಲ್ಲು ಹಾಕಿದ ತಂದೆ ಇನ್ನೊಬ್ಬನಿದ್ದರೆ ದಯವಿಟ್ಟು ಪರಿಚಯ ಮಾಡಿಸಿ.

ನಿಮ್ಮ ಗುಮಾಸ್ತರು ಸಂಭ್ರಮದಿಂದಲೇ ಹೇಳಿದರು. "ಒಳ್ಳೆ ಕುಂಬಳಕಾಯಿ ಹಾಗಿದ್ದಾಳಲ್ಲ ಸಾರ್, ಇವಳಿಗೇನು ಕಾಯಿಲೆ?"

"ಪುಡಿ ಕುಡಿದಿದ್ದಕ್ಕೇ ಹೀಗಿದ್ದಾಳೆ. ಹಾಲು ಕೊಟ್ರೆ ಸಾಯ್ತಾಳೆ."

"ಒಂದೊಂದೇ ಚಮಚ ಕೊಟ್ಟು ರೂಢಿ ಮಾಡ್ಸಿ. ಮಕ್ಕಳಿಗೆ ಎಲ್ಲಾ ಅಭ್ಯಾಸ ಆಗುತ್ತೆ."

"ಕಾಯಿಲೆ ರಕ್ತದಲ್ಲಿದೆ, ತೂಕದಲ್ಲಿ ಇಲ್ಲ. ಆ ಅಂಕಿ ನೋಡಿ ಹೇಳೋಕಾಗಲ್ಲ ಸಾರ್."

ಗುಮಾಸ್ತರು ಕೈಕಟ್ಟಿ ಕುರ್ಚಿಗೊರಗಿದರು. "ನಿನ್ನೆ ನೀವೇ ಅಲ್ವಾ ಮಿಷನ್ ರಿಪೇರಿ ಮಾಡಿದ್ದು? ಇವತ್ತು ಅಂಕಿ ನಂಬಬೇಡಿ ಅಂತೀರಲ್ಲ!"

ಸಾಲಿನಲ್ಲಿದ್ದ ತಾಯಂದಿರೆಲ್ಲ ನಕ್ಕರು. ಸತ್ಯ ಹೇಳುತ್ತೇನೆ, ನಾನೂ ನಕ್ಕೆ. ಗುಂಡಮ್ಮ ತಟ್ಟೆಯ ಮೇಲೆ ಕಾಲು ಬಡಿದು ಆರು ಕಿಲೋ ಮುನ್ನೂರು ಮುಟ್ಟಿಸಿದಳು. ಮುಂದಿನ ಮಂಗಳವಾರ ಇನ್ನೊಮ್ಮೆ ತೂಗಿಸಲು ಅವಕಾಶವಿದೆ ಎಂದರು ಗುಮಾಸ್ತರು.

ಮನೆಯಲ್ಲಿ ಅಂದು ನಡೆದ ಸಭೆಯನ್ನು ನೀವು ನೋಡಬೇಕಿತ್ತು. ಅತ್ತೆ ಹಾಸಿಗೆಯ ಮೇಲೆ ಪದ್ಮಾಸನ ಹಾಕಿ ಕುಳಿತು, "ಊರವರ ಮಿಷನ್ನೆಲ್ಲ ಸರಿ ಮಾಡ್ತೀರಿ ಅಳಿಯಂದಿರೇ, ಒಂದನ್ನ ಕೆಟ್ಟಹಾಗೇ ಬಿಡೋಕೆ ಏನು ಕಷ್ಟ?" ಎಂದರು. ಹೆಂಡತಿ, "ತಲೆ ಬೋಳಿಸಿದ್ರೆ ಎಷ್ಟು ಕಮ್ಮಿ ಆಗುತ್ತೆ?" ಎಂದಳು. ಲೆಕ್ಕ ಹಾಕಿದೆ, ಹೆಚ್ಚೆಂದರೆ ಮೂರು ಗ್ರಾಂ. ಉಗುರಿನದು ಲೆಕ್ಕಕ್ಕೇ ಸಿಗಲಿಲ್ಲ. ತೂಗುವ ಮೊದಲು ಕಕ್ಕ ಮಾಡಿಸುವುದೆಂದು ಅತ್ತೆ ಸೂಚಿಸಿದರು. ಒದ್ದೆ ಲಂಗೋಟಿಯನ್ನೇ ತೂಗಿ ನೋಡಿದೆ, ಅರವತ್ತೈದು ಗ್ರಾಂ! ಮೂವರೂ ಹುಚ್ಚರಂತೆ ನಕ್ಕೆವು. ಆಮೇಲೆ ಅತ್ತೆ ಮೆಲ್ಲಗೆ, "ಅವತ್ತು ಬೆಳಿಗ್ಗೆ ಒಂದು ಬಾಟಲಿ ತಪ್ಪಿಸಿದ್ರೆ..." ಎಂದರು. ಯಾರೂ ನಗಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ಹೇಳಿದಳು: "ಇಲ್ಲಮ್ಮ. ಊಟ ಸಿಗಲಿ ಅಂತ ಇವಳನ್ನ ಉಪವಾಸ ಹಾಕಲ್ಲ."

ಮಾನ್ಯರೇ, ಈ ಒಂದು ವಾಕ್ಯದಷ್ಟು ತರ್ಕ ನಿಮ್ಮ ನಿಯಮಾವಳಿಯಲ್ಲಿದೆಯೇ? ನಿಮ್ಮ ಕಚೇರಿ ಕೊಟ್ಟ ಪತ್ರ ನನ್ನ ಮುಂದಿದೆ: "ಫಲಾನುಭವಿಯ ತೂಕ ತೃಪ್ತಿಕರವಾಗಿರುವುದರಿಂದ ವಿಶೇಷ ಆಹಾರ ಸ್ಥಗಿತಗೊಳಿಸಿ ತಾಯಿಯ ಅಥವಾ ಹಸುವಿನ ಹಾಲು ನೀಡತಕ್ಕದ್ದು." ನೀವು ಕನ್ನಡಕ ಹಾಕುವವರೆಂದು ಕೇಳಿದ್ದೇನೆ. ಈ ಪತ್ರದ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿವೆಯೇ? ಹಾಗಿದ್ದರೆ ದೃಷ್ಟಿ ತೃಪ್ತಿಕರವಾಗಿದೆ, ಕನ್ನಡಕ ಹಿಂತಿರುಗಿಸಿ. ನನ್ನ ಮಗಳು ಪುಡಿ ಕುಡಿದು ಗುಣವಾಗಿಲ್ಲ, ಗುಣವಾಗುವ ಕಾಯಿಲೆಯೂ ಇದಲ್ಲ. ಇಂದು ಹಾಲು ಕೊಟ್ಟರೆ ಐದನೇ ದಿನದ ಮಗು ಮತ್ತೆ ನಮ್ಮ ಕೈಯಲ್ಲಿರುತ್ತದೆ. ಆಗ ಅವಳು ನಿಮ್ಮ ನಿಯಮಕ್ಕೆ ಖಂಡಿತ ಅರ್ಹಳಾಗುತ್ತಾಳೆ. ಅರ್ಜಿ ಹಿಡಿದು ಬರಲು ಅವಳು ಉಳಿದಿದ್ದರೆ.

ಮನೆಯಲ್ಲಿ ಎರಡು ಡಬ್ಬಿ ಇವೆ. ಒಂದು ಡಬ್ಬಿಗೆ ನಾಲ್ಕು ದಿನ. ಎಂಟು ದಿನಗಳೊಳಗೆ, ಈ ಕಾಯಿಲೆಯ ಮಕ್ಕಳಿಗೆ ತೂಕದ ಗೆರೆಯನ್ನು ತೆಗೆದುಹಾಕಿ, ರಕ್ತಪರೀಕ್ಷೆಯ ವರದಿಯೊಂದೇ ಸಾಕೆಂದು ಆದೇಶ ಹೊರಡಿಸಿ. ಮಂಗಳವಾರ ನಾವು ಮಗುವನ್ನು ಹೊಟ್ಟೆತುಂಬ ಉಣಿಸಿಯೇ ಕರೆತರುತ್ತೇವೆ. ನಿನ್ನೆ ಅವಳು ತಾನಾಗಿಯೇ ಮಗುಚಿಕೊಂಡಳು. ನಾವು ಮೂವರೂ ಚಪ್ಪಾಳೆ ತಟ್ಟಿದೆವು, ಮರುಕ್ಷಣವೇ ಇನ್ನೆಷ್ಟು ಗ್ರಾಂ ಏರಿದಳೋ ಎಂದು ಮುಖಮುಖ ನೋಡಿಕೊಂಡೆವು. ಆದೇಶದ ಕೊನೆಗೆ ಇನ್ನೊಂದು ಸಾಲು ಸೇರಿಸಿದರೆ ಉಪಕಾರವಾಗುತ್ತದೆ: ಮಗು ದಪ್ಪಗಾದರೆ ಮನೆಯವರು ಹೆದರದೆ ಸಂತೋಷಪಡತಕ್ಕದ್ದು.

ಇಂತಿ,
ಆರೋಗ್ಯವಾಗಿರುವ ಮಗುವೊಂದರ ತಪ್ಪಿತಸ್ಥ ತಂದೆ