ತಿಲಾಳ ಕಣ್ಣಿನ ಕಪ್ಪು

ಪ್ಯುಯೆಬ್ಲಾ
ಫೆಬ್ರವರಿ ೧೭, ೧೯೯೪

ನನ್ನ ಮುದ್ದು ತಂಗಿ ತಿಲಾ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನೆ ವಿಭೂತಿ ಬುಧವಾರಕ್ಕೆ ಚರ್ಚಿನಲ್ಲಿ ನಿನ್ನ ಹಣೆಗೆ ಹಚ್ಚಿದ ವಿಭೂತಿ ಅಳಿಸಿ ಹೋಗಿರುತ್ತದೆ. ಕಣ್ಣಿನ ಕೆಳಗಿನ ಕಪ್ಪು ಮಾತ್ರ ಹಾಗೇ ಇದೆ ಅಂತ ಕೇಳಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಸುದ್ದಿ ತಂದವಳು ನಮ್ಮೂರಿನ ಹಿಟ್ಟಿನ ಗಿರಣಿಯವರ ಸೊಸೆ. ಕೂದಲು ಗುಂಗುರು ಮಾಡಿಸಿಕೊಳ್ಳಲು ನನ್ನ ಪಾರ್ಲರಿಗೆ ಬಂದಿದ್ದಳು. ಈ ಸಲದ ಶುಭ ಶುಕ್ರವಾರದ ಮೆರವಣಿಗೆಗೆ ಡಾನ್ ಎಲಿಗಿಯೊನ ಸಮಿತಿಯವರು ಮಗನಿಗಾಗಿ ಅಳುವ ವ್ಯಾಕುಲ ಮಾತೆಯಾಗಿ ನಿನ್ನನ್ನು ಆರಿಸಿದ್ದಾರಂತೆ. ಶಿಲುಬೆ ಹೊತ್ತವನ ಹಿಂದೆ ಕಪ್ಪು ಮುಸುಕು ಹೊದ್ದು ನೀನು ನಡೆಯುತ್ತೀಯಂತೆ. "ಮೇಕಪ್ಪೇ ಬೇಡ ಕಣ್ರೀ, ಆ ಕಣ್ಣು ನೋಡಿದ್ರೆ ನಮಗೇ ಅಳು ಬರುತ್ತೆ" ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಕೂದಲನ್ನು ಸುರುಳಿಗೆ ಸ್ವಲ್ಪ ಬಿಗಿಯಾಗಿಯೇ ಸುತ್ತಿಬಿಟ್ಟೆ. ಪಾಪ, ಕಣ್ಣಲ್ಲಿ ನೀರು ಹಾಕಿಕೊಂಡಳು.

ನನಗೆ ಹೊಟ್ಟೆಕಿಚ್ಚು ಅಂತ ಮಾತ್ರ ತಿಳಿಯಬೇಡ. ಚಿಕ್ಕಂದಿನಲ್ಲಿ ಅಜ್ಜಿಯ ಕಪ್ಪು ಶಾಲು ಹೊದ್ದು ಹಿತ್ತಲಲ್ಲಿ ವ್ಯಾಕುಲ ಮಾತೆ ಆಗುತ್ತಿದ್ದವಳು ನಾನು, ಪೊರಕೆ ಹಿಡಿದು ರೋಮಿನ ಸಿಪಾಯಿ ಆಗುತ್ತಿದ್ದವಳು ನೀನು. ಅದೆಲ್ಲ ಹಳೆಯ ಮಾತು, ನನಗೆ ನೆನಪೂ ಇಲ್ಲ. ಆದರೆ ಊರವರ ಮುಖ ತೊಳೆದು ಬೆಳಗಿಸುವ ಕೆಲಸ ನನ್ನದು. ನನ್ನ ಸ್ವಂತ ತಂಗಿ ಕಣ್ಣಿನ ಕೆಳಗೆ ಎರಡು ಬದನೆಕಾಯಿ ಕಟ್ಟಿಕೊಂಡು ಸುತ್ತಲಿನ ಹಳ್ಳಿಯವರ ಮುಂದೆಲ್ಲ ನಡೆದರೆ ನನ್ನ ಹೆಸರಿಗೆ ಏನು ಬೆಲೆ? ಪೌಡರ್ ಹಚ್ಚಬಾರದು, ಕಾಡಿಗೆ ಹಚ್ಚಬಾರದು ಅನ್ನುವ ಕಟ್ಟಳೆ ಬೇರೆ ಇದೆ. ಹಾಗಾಗಿ ಮನೆಮದ್ದೇ ಗತಿ.

ಗಮನ ಕೊಟ್ಟು ಓದು. ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆ ಕತ್ತರಿಸಿ, ತಣ್ಣಗೆ ಮಾಡಿ, ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಂಡು ಮಲಗು. ಇಲ್ಲದಿದ್ದರೆ ಹಸಿ ಆಲೂಗಡ್ಡೆ ತುರಿದು ಬಟ್ಟೆಯಲ್ಲಿ ಕಟ್ಟಿ ಇಡು. ಸಂಜೆ ಹೊತ್ತು ಮನ್ಸಾನಿಯಾ ಹೂವಿನ ಕಷಾಯ ಕಾಯಿಸಿ ಆರಿಸಿ, ಅದರಲ್ಲಿ ಹತ್ತಿ ಅದ್ದಿ ಕಣ್ಣಿಗೆ ಒತ್ತಿಕೋ. ಮಲಗುವ ಮುಂಚೆ ಒಂದು ತೊಟ್ಟು ಬಾದಾಮಿ ಎಣ್ಣೆಯನ್ನು ಉಂಗುರದ ಬೆರಳಿನಿಂದ ಸವರು. ಬೇರೆ ಬೆರಳು ಬೇಡ, ಅವುಗಳಿಗೆ ಬಲ ಹೆಚ್ಚು, ನಿನ್ನ ಬೆರಳಿಗಂತೂ ಇನ್ನೂ ಹೆಚ್ಚು. ಕಣ್ಣು ಉಜ್ಜಬೇಡ. ಉಪ್ಪು ಕಡಿಮೆ ಮಾಡು, ನೀರು ಕುಡಿ, ತಲೆದಿಂಬು ಎತ್ತರಿಸಿಕೊಂಡು ಕಣ್ತುಂಬ ನಿದ್ದೆ ಮಾಡು.

ಮಗ ಇಸಿದ್ರೊನನ್ನು ನೆನೆಸಿಕೊಂಡು ಕೂರಬೇಡ. ಕೆಲಸ ಹುಡುಕಿ ಗಡಿಯ ಕಡೆ ಹೋದ ಹುಡುಗರು ಸುದ್ದಿ ಕೊಡುವುದು ತಡವೇ. ಅವನು ಚೆನ್ನಾಗಿರುತ್ತಾನೆ.

ನಿನ್ನ ಚೆಲುವನ್ನು ಬಿಟ್ಟು ಬೇರೇನೂ ಬಯಸದ ಅಕ್ಕ,
ಲಿಂದಾ

ಮರೆತೆ: ಕಪ್ಪು ಹೋದ ಕೂಡಲೇ ಡಾನ್ ಎಲಿಗಿಯೊನ ಕಣ್ಣಿಗೆ ಬೀಳುವ ಹಾಗೆ ಒಂದು ಸಲ ಓಡಾಡು. ನೀನು ಎಷ್ಟು ಗೆಲುವಾಗಿದ್ದೀಯ ಅಂತ ಅವನಿಗೂ ಗೊತ್ತಾಗಲಿ.


ಸಾನ್ ಕಾಸಿಯಾನೊ
ಮಾರ್ಚ್ ೧೦

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂತು. ತಮಾಲೆ ಕಡುಬಿಗೆ ಹಿಟ್ಟು ಕಲಸುತ್ತಾ ಓದಿದೆ, ಅದಕ್ಕೇ ಅಂಚೆಲ್ಲ ಅಂಟು. ನೀನು ಹೇಳಿದ್ದನ್ನು ಒಂದೂ ಬಿಡದೆ ಮಾಡಿದ್ದೇನೆ. ನಗಬಾರದು.

ಮೊದಲು ಆಲೂಗಡ್ಡೆ. ಕಣ್ಣಿಗೆ ಕಟ್ಟಿಕೊಂಡು ಹಜಾರದಲ್ಲಿ ಮಲಗಿದ್ದೆ. ನನ್ನ ಅತ್ತೆ ಡೊನ್ಯಾ ಪ್ರಾಕ್ಸೆದಿಸ್ ಬಂದು ಅದನ್ನು ಬಿಚ್ಚಿ, ಬೇರೆ ಆಲೂಗಡ್ಡೆಯಿಂದ ಎರಡು ಬಿಲ್ಲೆ ಕತ್ತರಿಸಿ ನನ್ನ ಹಣೆಯ ಎರಡು ಬದಿಗೆ ಅಂಟಿಸಿಬಿಟ್ಟರು. ಆಲೂಗಡ್ಡೆ ಇಡುವುದು ತಲೆನೋವಿಗೆ, ಅದೂ ಹಣೆಯ ಬದಿಗೆ, ಇಷ್ಟೂ ಗೊತ್ತಿಲ್ಲದವಳಿಗೆ ಪಟ್ಟಣದಲ್ಲಿ ಪಾರ್ಲರ್ ಇಡಲು ಯಾರು ಬಿಟ್ಟರು ಅಂತ ಕೇಳಿದರು. ನಿನ್ನ ಬಗ್ಗೆಯೇ ಕೇಳಿದ್ದು. ಮನ್ಸಾನಿಯಾ ಕಷಾಯವನ್ನು ಆರಲು ಇಟ್ಟರೆ ಪ್ರತಿ ಸಲವೂ ಅವರೇ ಸಕ್ಕರೆ ಹಾಕಿ ಕುಡಿದುಬಿಡುತ್ತಾರೆ. ಈಗ ಅವರಿಗೆ ಒಳ್ಳೆಯ ನಿದ್ದೆ.

ಸೌತೆಕಾಯಿಯ ಕಥೆ ಇನ್ನೂ ಚೆನ್ನಾಗಿದೆ. ಬಿಲ್ಲೆ ಕತ್ತರಿಸಿ ತಟ್ಟೆಯಲ್ಲಿಟ್ಟು ಮುಖ ತೊಳೆಯಲು ಹೋಗಿದ್ದೆ. ಅಷ್ಟರಲ್ಲಿ ಅತ್ತೆ ಅದರ ಮೇಲೆ ನಿಂಬೆರಸ ಹಿಂಡಿ ಖಾರದ ಪುಡಿ ಉದುರಿಸಿದ್ದರು. ಸೌತೆಕಾಯಿಯನ್ನು ಬರಿದೇ ಯಾರಾದರೂ ತಟ್ಟೆಯಲ್ಲಿ ಇಡುತ್ತಾರೆಯೇ ಅಂತ ಅವರ ವಾದ. ನಾನು ನೋಡದೆ ಎತ್ತಿ ಕಣ್ಣಿಗೆ ಇಟ್ಟುಕೊಂಡೆ. ಅಯ್ಯೋ ಅಕ್ಕಾ, ಆ ಉರಿಯನ್ನು ಹೇಗೆ ಬರೆಯಲಿ. ಕಣ್ಣು ಕೆಂಡವಾಗಿ, ಊದಿ, ನೀರು ಧಾರೆಯಾಗಿ ಸುರಿಯುತ್ತಿದ್ದಾಗಲೇ ಡಾನ್ ಎಲಿಗಿಯೊ ಮೆರವಣಿಗೆಯ ಉಡುಪಿನ ಅಳತೆಗೆ ಬಂದ. ಬಾಗಿಲಲ್ಲೇ ನಿಂತು ಟೋಪಿ ತೆಗೆದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋದ. ಈಗ ಊರೆಲ್ಲ ನನ್ನದೇ ಮಾತು, ಇಂಥ ವ್ಯಾಕುಲ ಮಾತೆ ಹಿಂದೆ ಆಗಿರಲಿಲ್ಲವಂತೆ.

ಬಾದಾಮಿ ಎಣ್ಣೆಯನ್ನು ಮಾತ್ರ ನೀನು ಹೇಳಿದ ಬೆರಳಲ್ಲೇ ಸವರುತ್ತಿದ್ದೇನೆ. ಸವರುವಾಗ ನೀನೇ ಪಕ್ಕದಲ್ಲಿ ಕೂತ ಹಾಗೆ ಅನಿಸುತ್ತದೆ. ಆದರೆ ಕಪ್ಪು ಕದಲಿಲ್ಲ. ಹೇಗೆ ಕದಲೀತು? ನೀನು ನಿದ್ದೆ ಮಾಡು ಅಂತ ಬರೆದೆ, ನಿದ್ದೆ ಬರುವುದು ಹೇಗೆ ಅಂತ ಬರೆಯಲಿಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ತನ್ನ ಅಪ್ಪನ ಸಮಾಧಿಗೆ ಹೂವಿಟ್ಟು ಹೊರಟ ನನ್ನ ಮಗ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಚೌಕದ ಫೋನ್ ಅಂಗಡಿಯ ಧ್ವನಿವರ್ಧಕ ಗೊರಗೊರ ಅಂದರೆ ಸಾಕು, ಹಿಟ್ಟಿನ ಕೈಯಲ್ಲೇ ಬೀದಿಗೆ ಓಡುತ್ತೇನೆ. ಇಂಥವರಿಗೆ ಇಂಥ ಊರಿನಿಂದ ಫೋನ್ ಬಂದಿದೆ ಅಂತ ಬೇರೆ ಯಾರದೋ ಹೆಸರು ಕೂಗುತ್ತಾರೆ. ಎಲ್ಲರೂ ನನ್ನನ್ನೇ ನೋಡುತ್ತಾರೆ. ವಾಪಸು ಬರುತ್ತೇನೆ. ಗಡಿಯ ಮರುಭೂಮಿಯಲ್ಲಿ ಹುಡುಗರು ಸಾಯುವ ಸುದ್ದಿ ರೇಡಿಯೊದಲ್ಲಿ ಬಂದರೆ ಅತ್ತೆ ಅದನ್ನು ಆರಿಸಿ ಹಾಡು ಶುರುಮಾಡುತ್ತಾರೆ.

ಈ ವೇಷ ನನಗೆ ಬೇಕಿರಲಿಲ್ಲ. ಚಿಕ್ಕಂದಿನಿಂದ ನಮ್ಮ ಅಕ್ಕನಿಗೆ ಆಸೆ, ಅವಳಿಗೇ ಕೊಡಿ ಅಂತ ಡಾನ್ ಎಲಿಗಿಯೊನನ್ನು ಕೇಳಿದೆ. ಹೆತ್ತವಳೇ ಆಗಬೇಕು ಅನ್ನುವ ಕಟ್ಟಳೆ ಹೇಳಿದ. ನಾನು ಬಿಡಲಿಲ್ಲ. ಆಗ ಅವನು, "ಲಿಂದಾ ಚೆಂದ ಇದ್ದಾಳಮ್ಮ, ಇಲ್ಲ ಅನ್ನಲ್ಲ. ಆದ್ರೆ ಅವಳ ಕಣ್ಣಲ್ಲಿ ಯಾರೂ ಇಲ್ಲ" ಅಂದ. ನನಗೆ ಬೇಜಾರಾಯಿತು. ಅವನಿಗೇನು ಗೊತ್ತು ನಿನ್ನ ಕಣ್ಣಿನ ವಿಷಯ.

ವ್ಯಾಕುಲ ಮಾತೆಗೆ ಉಡಿಸುವವಳು ಅವಳ ಹತ್ತಿರದ ಹೆಂಗಸೇ ಆಗಬೇಕು. ನೀನು ಬಂದು ಉಡಿಸು. ಬೇರೆಯವರ ಕೈ ನನಗೆ ಬೇಡ.

ನಿನ್ನ ದಾರಿ ಕಾಯುವ,
ತಿಲಾ

ಇನ್ನೊಂದು ಮಾತು: ಅವನು ಚೆನ್ನಾಗಿರುತ್ತಾನೆ ಅಂತ ಎಷ್ಟು ಖಂಡಿತವಾಗಿ ಬರೆದೆ ನೀನು. ಆ ಸಾಲನ್ನು ದಿನಾ ಓದುತ್ತೇನೆ. ಕಾಗದದ ಮಡಿಕೆ ಅಲ್ಲೇ ಹರಿಯಲು ಬಂದಿದೆ.


ಪ್ಯುಯೆಬ್ಲಾ
ಮಾರ್ಚ್ ೨೩

ತಿಲಾ,

ಈ ಸಲ ಮುದ್ದು ಗಿದ್ದು ಅಂತ ಬರೆಯಲು ಕೈ ಬರುತ್ತಿಲ್ಲ. ಅಂಚೆಗೆ ಹಾಕಿದರೆ ತಡವಾದೀತು ಅಂತ ಬಸ್ಸಿನವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸೌತೆಕಾಯಿಯ ಕಥೆಗೆ ನಕ್ಕೆ, ಆಮೇಲೆ ಡಾನ್ ಎಲಿಗಿಯೊನ ಮಾತು ಓದಿದೆ. ಒಬ್ಬಳ ಕೂದಲಿಗೆ ಬಣ್ಣ ಹಚ್ಚಿ ಕೂರಿಸಿದ್ದವಳು ತೊಳೆಯುವುದನ್ನೇ ಮರೆತೆ. ಕಂದು ಬಣ್ಣ ಕೇಳಿದ್ದವಳು ಕಿತ್ತಳೆ ಬಣ್ಣದ ತಲೆ ಹೊತ್ತು ಮನೆಗೆ ಹೋದಳು. ನನ್ನ ಕಣ್ಣಲ್ಲಿ ಯಾರೂ ಇಲ್ಲವಂತೆ. ನನ್ನ ಪರವಾಗಿ ವಾದ ಮಾಡಿಬಂದು ಆ ಮಾತನ್ನು ನೀನು ಎಷ್ಟು ಸಲೀಸಾಗಿ ಬರೆದೆ. ನಿನ್ನ ಈ ಒಳ್ಳೆಯತನವೇ ನನಗೆ ಸಹಿಸಲಾಗದ್ದು.

ನೇರವಾಗಿ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು. ಆ ಮದ್ದುಗಳನ್ನು ಬರೆದದ್ದು ನಿನ್ನ ಚೆಲುವಿಗಲ್ಲ. ಕಪ್ಪು ಹೋದರೆ ನಿನ್ನ ಕೈಯಿಂದ ಆ ಮುಸುಕೂ ಹೋಗುತ್ತದೆ, ಡಾನ್ ಎಲಿಗಿಯೊ ಬೇರೆಯವಳನ್ನು ಹುಡುಕುತ್ತಾನೆ ಅಂತ ಬರೆದೆ. ನನಗೆ ಸಿಗುವುದಿಲ್ಲ ಅಂತ ಗೊತ್ತಿತ್ತು. ನಿನಗೂ ಸಿಗದಿದ್ದರೆ ಸಾಕಿತ್ತು.

ಮೊದಮೊದಲು ಮೆರವಣಿಗೆಯ ಮೇಲೆ ಹೊಟ್ಟೆಕಿಚ್ಚು ಅಂತಲೇ ನಾನೂ ತಿಳಿದಿದ್ದೆ. ಅಲ್ಲ ತಿಲಾ. ನನಗೆ ಹೊಟ್ಟೆಕಿಚ್ಚು ನಿನ್ನ ಆ ಕಪ್ಪಿನ ಮೇಲೆ. ನನ್ನ ಕುರ್ಚಿಯಲ್ಲಿ ಕೂತು ಕಣ್ಣಿನ ಕೆಳಗೆ ತೋರಿಸುವ ಒಬ್ಬೊಬ್ಬ ಹೆಂಗಸೂ ಅದನ್ನು ಕೊಟ್ಟವರ ಹೆಸರು ಹೇಳುತ್ತಾಳೆ. ಒಬ್ಬಳಿಗೆ ಕುಡಿದು ಬರುವ ಗಂಡ, ಒಬ್ಬಳಿಗೆ ಹಲ್ಲು ಬರುತ್ತಿರುವ ಕೂಸು, ಒಬ್ಬಳಿಗೆ ಹಾಸಿಗೆ ಹಿಡಿದ ತಾಯಿ. ಬೈದುಕೊಂಡೇ ಹೇಳುತ್ತಾರೆ, ಆದರೂ ಹೇಳುವಾಗ ಒಂದು ಥರದ ಬಿಂಕ ಇರುತ್ತದೆ. ನಾನು ಹತ್ತಿ ಒತ್ತುತ್ತಾ ಕೇಳುತ್ತೇನೆ. ನನಗೆ ಮಲಗಿದ ತಕ್ಷಣ ನಿದ್ದೆ. ಬಿಸಿಲು ಮುಖಕ್ಕೆ ಬಿದ್ದರೂ ಎಚ್ಚರವಾಗುವುದಿಲ್ಲ. ಈ ವಯಸ್ಸಿನಲ್ಲೂ ನನ್ನ ಕಣ್ಣು ತೊಳೆದಿಟ್ಟ ತಟ್ಟೆಯ ಹಾಗಿದೆ, ಎಲ್ಲರೂ ಗುಟ್ಟೇನು ಅಂತ ಕೇಳುತ್ತಾರೆ. ನಾನು ಸೌತೆಕಾಯಿ ಅನ್ನುತ್ತೇನೆ.

ನಿನ್ನ ಕಾಗದ ಬಂದ ಸಂಜೆ ಪಾರ್ಲರಿನ ಬಾಗಿಲು ಹಾಕಿ ಕನ್ನಡಿಯ ಮುಂದೆ ಕೂತೆ. ಕಪ್ಪು ಟವಲನ್ನು ತಲೆಗೆ ಹೊದ್ದು, ಹುಬ್ಬು ತೀಡುವ ಪೆನ್ಸಿಲ್ಲಿನಿಂದ ಕಣ್ಣಿನ ಕೆಳಗೆ ಕಪ್ಪು ಬರೆದುಕೊಂಡು ಬೆರಳಿನಿಂದ ಹರಡಿದೆ. ನನ್ನ ಕೈಗೆಲಸ ನಿನಗೆ ಗೊತ್ತಲ್ಲ, ನಿಜವಾದದ್ದಕ್ಕಿಂತ ಚೆನ್ನಾಗಿಯೇ ಬಂದಿತ್ತು. ನನ್ನ ಗಂಡ ಗೌದೆನ್ಸಿಯೊ ಊಟಕ್ಕೆ ಕರೆಯಲು ಬಂದ. ನನ್ನನ್ನು ನೋಡಿ ಬೆಚ್ಚಿಬಿದ್ದ.

"ಯಾರು ಹೋದ್ರೇ?" ಅಂದ.

ಯಾರೂ ಇಲ್ಲ ಅಂದೆ. ಪಾಪದ ಮನುಷ್ಯ, ಪಕ್ಕದ ಕುರ್ಚಿಯಲ್ಲಿ ಕೂತ. ಮಕ್ಕಳಿಗಾಗಿ ನಾವು ಹತ್ತದ ಗುಡಿ, ತೋರಿಸದ ಡಾಕ್ಟರು ಉಳಿದಿಲ್ಲ. ಅದರ ಬಗ್ಗೆ ಮಾತಾಡುವುದನ್ನು ಎಂದೋ ಬಿಟ್ಟಿದ್ದೇವೆ. ಆಮೇಲೆ ಎದ್ದು ಒದ್ದೆ ಹತ್ತಿ ತಂದು ಕೈಗೆ ಕೊಟ್ಟ. ಒರೆಸಿಕೊಂಡು ಊಟಕ್ಕೆ ಹೋದೆವು.

ನೆನೆದು ಅಳುವುದಕ್ಕೆ ನಿನಗೆ ಒಬ್ಬನಿದ್ದಾನೆ. ಅದಕ್ಕೂ ನಾನು ಕಣ್ಣು ಹಾಕಿ ಕೂತೆ ಅಂದರೆ ನಾನೆಂಥವಳು ಅಂತ ನೀನೇ ಯೋಚಿಸು.

ಶುಭ ಶುಕ್ರವಾರ ಬಂದು ನಾನೇ ಉಡಿಸುತ್ತೇನೆ. ಮುಸುಕಿಗೆ ಪಿನ್ನು ಚುಚ್ಚುವಾಗ ನಿನ್ನ ತಲೆಗೆ ಚುಚ್ಚುವುದಿಲ್ಲ ಅಂತ ಮಾತು ಕೊಡುತ್ತೇನೆ. ಅದು ಕೂಡ, ಇದನ್ನೆಲ್ಲ ಓದಿದ ಮೇಲೂ ನಾನು ಬರುವುದು ನಿನಗೆ ಬೇಕು ಅನಿಸಿದರೆ.

ನಿನ್ನ ಅಕ್ಕ,
ಎರ್ಮೆಲಿಂದಾ

ಇಷ್ಟು ಬರೆದು ಸಹಿ ಹಾಕಿ ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಇಸಿದ್ರೊ ಬದುಕಿದ್ದಾನೆ. ಗಡಿಯ ಈಚೆಗೇ, ತಿಹುವಾನಾದಲ್ಲಿ ಪಂಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಗಡಿ ದಾಟಲು ಹೋಗಿ ಎರಡು ಸಲ ಸಿಕ್ಕಿಬಿದ್ದನಂತೆ. ಚೌಕಕ್ಕೆ ಫೋನ್ ಮಾಡಿದರೆ ತಿಹುವಾನಾದಿಂದ ಅಂತ ಧ್ವನಿವರ್ಧಕದಲ್ಲಿ ಕೂಗುತ್ತಾರೆ, ದಾಟಲಾಗದವನು ಅಂತ ಊರಿಗೆಲ್ಲ ಗೊತ್ತಾಗುತ್ತದೆ ಅಂತ ನಾಚಿಕೆ ಅವನಿಗೆ. ಹೊಸ ವರ್ಷ ಆದಾಗಿನಿಂದ ಪ್ರತಿ ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ನನಗೆ ಫೋನ್ ಮಾಡುತ್ತಾನೆ. "ಅಮ್ಮಂಗೆ ಮಾತ್ರ ಹೇಳು ದೊಡ್ಡಮ್ಮ" ಅಂದಿದ್ದ. ಹೇಳಿದೆ ಅಂದೆ. ಅಮ್ಮ ಏನಂದಳು ಅಂತ ಕೇಳಿದ. ಸಂತೋಷಪಟ್ಟಳು ಅಂದೆ. ನಿನ್ನ ಕಣ್ಣಿಗೆ ಇದ್ದ ಮದ್ದು ಇದೊಂದೇ, ಅದನ್ನು ಬಚ್ಚಿಟ್ಟುಕೊಂಡು ಆಲೂಗಡ್ಡೆ ಬರೆದೆ. ಫೋನ್ ಎತ್ತಿದ ಕೂಡಲೇ ಅವನು ಊಟ ಆಯ್ತಾ ಅಂತ ಕೇಳುತ್ತಾನೆ ತಿಲಾ. ನನ್ನನ್ನು ಹಾಗೆ ಕೇಳುವ ಮಗ ಒಬ್ಬ ವಾರಕ್ಕೊಮ್ಮೆ ನನಗೂ ಇದ್ದ. ನಿನಗೆ ಹೇಳಿದರೆ ಅವನು ಇನ್ನು ನಿನ್ನನ್ನು ಕೇಳುತ್ತಾನೆ, ನನ್ನನ್ನಲ್ಲ. ಈ ಭಾನುವಾರ ಮೊದಲ ಬಸ್ಸಿಗೇ ಬಾ. ಬೈಯುವುದನ್ನು ಆಮೇಲೆ ಬೈ. ಫೋನ್ ನೀನೇ ಎತ್ತು. ಇಡುವ ಮುಂಚೆ ಮಾತ್ರ ಒಂದು ನಿಮಿಷ ನನ್ನ ಕೈಗೆ ಕೊಡು.