ಹೆಸರಿಲ್ಲದ ಪೊಟ್ಟಣದ ಬಗ್ಗೆ ಔಷಧಾಲಯಗಳ ಮೇಲಧಿಕಾರಿಗಳಿಗೆ

ಸರ್ಕಾರಿ ಔಷಧಾಲಯಗಳ ಮೇಲಧಿಕಾರಿಗಳೇ,

ನನ್ನ ಅತ್ತಿಗೆ ಬೊಳ್ಳಮ್ಮನ ಸಾವಿನ ಬಗ್ಗೆ ನಾನು ಕೊಟ್ಟ ದೂರಿಗೆ ತಮ್ಮ ಕಚೇರಿಯ ಉತ್ತರ ಬಂದು ತಲುಪಿದೆ. "ಮೃತಳು ಅನಕ್ಷರಸ್ಥಳಾಗಿದ್ದು, ಔಷಧ ಸೇವನೆಯ ಸೂಚನೆಗಳನ್ನು ಪಾಲಿಸದ ಕಾರಣ ಅನಾಹುತ ಸಂಭವಿಸಿರುತ್ತದೆ" ಎಂದು ಅದರಲ್ಲಿದೆ. ಅಕ್ಷರ ಗುಂಡಾಗಿದೆ, ಮುದ್ರೆ ನೇರವಾಗಿ ಬಿದ್ದಿದೆ, ಮಾತು ಮಾತ್ರ ಸುಳ್ಳು. ನನ್ನ ಅತ್ತಿಗೆ ಸೂಚನೆ ಪಾಲಿಸದೆ ಸತ್ತವಳಲ್ಲ, ಪಾಲಿಸಿ ಸತ್ತವಳು. ಅದನ್ನು ತಿದ್ದಿಸಲಿಕ್ಕೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಕೊಡಗು ಮೈಸೂರಿಗೆ ಸೇರಿದ ಮೇಲೆ ನಮ್ಮ ಕಾಗದಗಳು ನಮಗಿಂತ ಹೆಚ್ಚು ಊರು ನೋಡುತ್ತಿವೆ. ಈ ಸಲ ಅಷ್ಟು ಪ್ರಯಾಣ ಬೇಡ ಎನಿಸಿತು.

ನಾನು ಶಾಲೆಗೆ ಹೋದವಳಲ್ಲ. ತಮ್ಮನ ಸ್ಲೇಟು ನೋಡಿ ಕನ್ನಡ ಕಲಿತೆ. ಇಷ್ಟು ವರ್ಷ ಬರೆದದ್ದೆಲ್ಲ ನೆಂಟರಿಗೆ: ಯಾರಿಗೆ ಮಗುವಾಯಿತು, ಯಾರ ಹಸು ಕರು ಹಾಕಿತು. ಹಾಗಾಗಿ ಮಾತು ಎಲ್ಲಾದರೂ ಜಗಲಿಯ ಮಾತಿನಂತೆ ಕೇಳಿದರೆ ತಾವು ಸ್ವಲ್ಪ ಹೊತ್ತು ನನ್ನ ನೆಂಟರೆಂದೇ ತಿಳಿದುಕೊಳ್ಳಿ.

ಬೊಳ್ಳಮ್ಮ ನನ್ನ ಅಣ್ಣನ ಹೆಂಡತಿ. ಅಣ್ಣ ಹೋದ ಮೇಲೆ, ನನ್ನ ಮನೆಯವರೂ ತೀರಿಕೊಂಡ ಮೇಲೆ, ತಾನೇ ನಡೆದು ಬಂದು ನನ್ನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡಳು. "ಎರಡ್ ಮನೇಲಿ ಎರಡ್ ಒಲೆ ಎಂಥಕೆ? ಬಾ, ಜಗಳ ಮಾಡಿಕೆ ನಂಗೊಂದ್ ಜನ ಬೊಕು" ಎಂದಳು. ಅಮ್ಮತ್ತಿಯ ಹತ್ತಿರ ಅವಳದ್ದೊಂದು ತುಂಡು ಕಾಫಿ ತೋಟ. ಜಗಳಕ್ಕೆ ಅಲ್ಲಿ ಬೇಕಾದಷ್ಟು ಜಾಗವಿತ್ತು.

ಕಳೆದ ಚಳಿಗಾಲ ಅವಳಿಗೆ ಕಾಲು ಬಾತು, ಏರು ಹತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಗೋಣಿಕೊಪ್ಪಲಿನ ಡಾಕ್ಟರು ಒಂದು ಬಾಟಲಿ ಮಾತ್ರೆ ಕೊಟ್ಟು, "ಕಾಲಿನ ಬಾವು ಇಳಿಯುತ್ತೆ, ದಿನಕ್ಕೊಂದು, ತಪ್ಪಿಸಬಾರದು" ಎಂದರು. ಮುಂದಕ್ಕೆ ಪುಕ್ಕಟೆ ಸಿಗಲೆಂದು ಸರ್ಕಾರಿ ಔಷಧಾಲಯಕ್ಕೆ ಒಂದು ಚೀಟಿಯನ್ನೂ ಬರೆದರು; ಬಾಟಲಿ ಮುಗಿದ ಮೇಲೆ ಎಂಬುದು ನಮಗೆ ತಿಳಿಯಲಿಲ್ಲ. ಅತ್ತಿಗೆ ಆ ವಾರವೇ ಚೀಟಿ ತೋರಿಸಿದಳು. ತಮ್ಮ ಔಷಧಾಲಯದ ಕಿಟಕಿಯಿಂದ ಒಂದು ಕಾಗದದ ಪೊಟ್ಟಣ ಹೊರಬಂತು. "ಇದು ಎದೆಗೆ. ದಿನಕ್ಕೊಂದು. ತಪ್ಪಿಸಬೇಡಿ. ಮುಂದಿನವರು ಬನ್ನಿ."

ಬಾಟಲಿಯ ಮಾತ್ರೆ ದಪ್ಪ, ಪೊಟ್ಟಣದ್ದು ಸಣ್ಣದು. ಬಾಟಲಿಯ ಮೇಲೆ ಇದ್ದದ್ದು ಇಂಗ್ಲಿಷು, ಪೊಟ್ಟಣದ ಮೇಲೆ ಏನೂ ಇಲ್ಲ. ಒಬ್ಬರು ಕಾಲಿಗೆ ಎಂದರು, ಇನ್ನೊಬ್ಬರು ಎದೆಗೆ ಎಂದರು. ಇವೆರಡೂ ಒಂದೇ ಔಷಧ ಎಂದು ಯಾವ ಪಂಡಿತರಿಗೆ ತಾನೇ ಹೊಳೆಯುತ್ತಿತ್ತು?

ಹೆಸರು ಕೇಳಬಾರದಿತ್ತೆ ಎಂದು ತಾವು ಹೇಳಬಹುದು. ನಾನೂ ಅವಳನ್ನು ಅದನ್ನೇ ಕೇಳಿದ್ದೆ. "ಥೂ, ಹೆಸ್ರ್ ಕೇಳಿರೆ ಮದ್ದ್ ಹಿಡಿಯುದಿಲ್ಲೆ" ಎಂದು ಗದರಿದಳು. ನಮ್ಮ ಕಡೆ ಮದ್ದು ಕೊಡುವವರು ಸೊಪ್ಪಿನ ಹೆಸರು ಹೇಳುವುದಿಲ್ಲ, ಕುಡಿಯುವವರು ಕೇಳುವುದಿಲ್ಲ. ಹೆಸರು ಬಾಯಿಗೆ ಬಂದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಂಬಿಕೆ. ಅದು ಹಳ್ಳಿಯವರ ಮೂಢನಂಬಿಕೆ ಎಂದು ತಮ್ಮ ಇಲಾಖೆಯ ಭಾಷಣದಲ್ಲಿ ಕೇಳಿದ್ದೇನೆ. ಹಾಗಾದರೆ ತಮ್ಮ ಕಿಟಕಿಯಲ್ಲಿ ಆ ವ್ರತವನ್ನು ಇಷ್ಟು ಶ್ರದ್ಧೆಯಿಂದ ನಡೆಸುತ್ತಿರುವುದೇಕೆ?

ಮಳೆ ಬಿದ್ದು ಕಾಫಿ ಹೂ ಅರಳಿತು. ಅತ್ತಿಗೆಗೆ ಅನ್ನ ಸೇರದು, ಬರೀ ವಾಕರಿಕೆ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕುಳಿತು, "ದಮಯಂತಿ, ಈ ವರ್ಷ ಹೂ ಎಂಥಕೆ ಹಿಂಗೆ ಹಳದಿ ಉಟ್ಟು?" ಎಂದಳು. ಹಳದಿ ಎಲ್ಲಿದೆ? ಗಿಡದ ತುಂಬ ಹಾಲು ಚೆಲ್ಲಿದಂತೆ ಬಿಳಿ ಇತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಕಾಮಾಲೆಗೆ ಮದ್ದು ಅರೆಯುವ ಕಾಳಮ್ಮ ಬಂದಳು. ರೆಪ್ಪೆ ಎತ್ತಿ ನೋಡಿ, "ಕಣ್ಣ್ ಬೆಳ್ಳಗೇ ಉಟ್ಟಲ್ಲಾ" ಎಂದು ಅನುಮಾನಪಟ್ಟಳು. ಆದರೂ ಗಾದೆಯೇ ಗೆದ್ದಿತು. ಉಪ್ಪು ಬಿಡಿಸಿ ಸೊಪ್ಪಿನ ರಸ ಕುಡಿಸಿದೆವು. ಎರಡೂ ಮಾತ್ರೆಗಳನ್ನು ಅತ್ತಿಗೆ ಅದರ ನಡುವೆಯೂ ನುಂಗುತ್ತಲೇ ಇದ್ದಳು. ತಪ್ಪಿಸಬಾರದು ಎಂದಿದ್ದರಲ್ಲ.

ಅಂಗಳದಲ್ಲಿ ಕುಸಿದವಳನ್ನು ಜೀಪಿನಲ್ಲಿ ಗೋಣಿಕೊಪ್ಪಲಿಗೆ ಒಯ್ದಾಗ ಡಾಕ್ಟರು ನಾಡಿ ಹಿಡಿದೇ ನಿಂತರು.

"ಏನು ಮಾತ್ರೆ ಕೊಡ್ತಾ ಇದ್ದೀರಿ?"

"ಕಾಲಿಂದೂ ಎದೇದೂ."

ನಾನು ತೋರಿಸಿದ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು, "ಇವೆರಡೂ ಒಂದೇ ಅಮ್ಮ. ಎದೆ ಸರಿಹೋದರೆ ಕಾಲಿನ ಬಾವೂ ಇಳಿಯುತ್ತೆ. ನನ್ನ ಚೀಟಿಯಲ್ಲಿ ಬರೆದದ್ದೂ ಇದನ್ನೇ. ಕಂಪನಿ ಬೇರೆ, ಅಷ್ಟೆ" ಎಂದರು. ಹೂ ಹಳದಿ ಕಂಡದ್ದನ್ನು ಹೇಳಿದೆ. ಈ ಮದ್ದು ಮೈಯಲ್ಲಿ ಹೆಚ್ಚಾದರೆ ಹಾಗೆ ಕಾಣುವುದೂ ನಾಡಿ ತಪ್ಪುವುದೂ ಉಂಟಂತೆ. ಬೆಳಕು ಹರಿಯುವಷ್ಟರಲ್ಲಿ ಅತ್ತಿಗೆ ಹೋಗಿದ್ದಳು.

ಒಂದು ಮಾತು ಸ್ಪಷ್ಟವಿರಲಿ. ತಮ್ಮ ಪುಕ್ಕಟೆ ಮಾತ್ರೆ ಕೀಳೆಂದು ನಾನು ಹೇಳುತ್ತಿಲ್ಲ. ಬಾಟಲಿಯದ್ದರಷ್ಟೇ ಒಳ್ಳೆಯದೆಂದು ಡಾಕ್ಟರೇ ಹೇಳಿದರು. ಬಡವರಿಗೆ ಅದು ಬೇಕು. ಎರಡೂ ಒಂದೇ ಮದ್ದೆಂದು ಯಾರೂ ಹೇಳದೆ ಇದ್ದದ್ದೇ ನನ್ನ ದೂರು. ಈಗ ನೆರೆಯವರಲ್ಲಿ ಕೆಲವರು ಹೆದರಿ ಮಾತ್ರೆಗಳನ್ನು ಬೂದಿಗುಂಡಿಗೆ ಎಸೆಯುತ್ತಿದ್ದಾರೆ. ಎಸೆಯಬೇಡಿ, ಹೋಗಿ ಕೇಳಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮನೆಗೆ ಬಂದರೆ ಮಾತಿಗೆ ಮಾತು ಕೊಡುವವರಿಲ್ಲ. ಉಪ್ಪು ಹೆಚ್ಚಾಯಿತೆಂದು ಬೈಯುವವರೂ ಇಲ್ಲ. ಹೆಚ್ಚಾಗಿದೆಯೋ ಇಲ್ಲವೋ ನನಗೇ ತಿಳಿಯದೆ ಉಣ್ಣುತ್ತೇನೆ.

ಹಾಗಾಗಿ ಕೇಳುತ್ತೇನೆ. "ಪಾಲಿಸದ ಕಾರಣ" ಎಂಬ ಮಾತನ್ನು ಹೊಡೆದುಹಾಕಿ ನನಗೆ ಬೇರೆ ಉತ್ತರ ಕೊಡಿ. ಪೊಟ್ಟಣದ ಮೇಲೆ ಔಷಧದ ಸ್ವಂತ ಹೆಸರನ್ನೂ ಅದು ಯಾತಕ್ಕೆಂಬುದನ್ನೂ ಕನ್ನಡದಲ್ಲಿ ಬರೆಸಿ. ಬೇರೆ ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ, ಸೊಪ್ಪಿನದ್ದೂ ಸೇರಿ, ಎಂದು ಕಿಟಕಿಯವರು ಕೇಳಲಿ. ಮಾತ್ರೆಯ ರೂಪ ಬದಲಾದರೆ, ಇದು ಅದೇ, ಎರಡನ್ನೂ ನುಂಗಬೇಡಿ ಎಂದು ಹೇಳಲಿ.

ಮೊನ್ನೆ ಕಾಳಮ್ಮನಿಗೂ ಎದೆನೋವೆಂದು ತಮ್ಮ ಔಷಧಾಲಯದಿಂದ ಪೊಟ್ಟಣ ಸಿಕ್ಕಿದೆ. ಜನ್ಮದಲ್ಲಿ ಒಂದು ಸೊಪ್ಪಿನ ಹೆಸರನ್ನೂ ಬಾಯಿಬಿಟ್ಟು ಹೇಳದವಳು ಅದನ್ನು ನನ್ನ ಮುಂದೆ ಹಿಡಿದು, "ಇದರ ಹೆಸ್ರ್ ಎಂಥ, ಓದಿ ಹೇಳ್" ಎಂದಳು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ನನಗೆ ಓದಲು ಬರುತ್ತದೆ, ಸ್ವಾಮಿ. ಓದಲು ಏನಾದರೂ ಬರೆದು ಕೊಡಿ.

ಇಂತಿ,
ಅಕ್ಷರ ಬಲ್ಲವಳಾಗಿಯೂ ತನ್ನವಳನ್ನು ಉಳಿಸಿಕೊಳ್ಳಲಾಗದ
ದಮಯಂತಿ